ಫೋಟೋ ನೋಡಿ ಎಎಂಡಿ ಅಪಾಯ ಲೆಕ್ಕ ಹಾಕುವುದು: ನನ್ನ ಟಿಪ್ಪಣಿ

ವಯಸ್ಸಿನ ಜೊತೆ ಬರುವ ಮ್ಯಾಕ್ಯುಲಾ (ಕಣ್ಣಿನ ಹಿಂಪರದೆಯಾದ ರೆಟಿನಾದ ನಡುಭಾಗ) ಸವೆತವೇ ಎಎಂಡಿ. ಅದು ಮುಂದೆ ಎಷ್ಟು ಬಲಿಯಬಹುದು ಅಂತ ಅಂದಾಜು ಮಾಡಲು ಫಂಡಸ್ ಫೋಟೋದಲ್ಲಿ (ಕಣ್ಣಿನೊಳಗಿನ ಹಿಂಭಾಗದ ಚಿತ್ರ) ಎರಡು ವಿಷಯ ನೋಡಿದರೆ ಸಾಕು: ದೊಡ್ಡ ಡ್ರೂಸನ್ (ರೆಟಿನಾದ ಕೆಳಗೆ ಕೂಡಿಕೊಳ್ಳುವ ಹಳದಿ ಚುಕ್ಕೆ) ಮತ್ತು ಪಿಗ್ಮೆಂಟ್ ಬದಲಾವಣೆ (ರೆಟಿನಾದ ಬಣ್ಣದ ಪದರದಲ್ಲಿ ಕಪ್ಪಾದ ಅಥವಾ ಬಿಳುಚಿದ ಜಾಗ). ಹಳದಿ ಚುಕ್ಕೆ 125 ಮೈಕ್ರಾನ್ ಅಥವಾ ಅದಕ್ಕಿಂತ ಜಾಸ್ತಿ ಅಗಲ ಇದ್ದರೆ ದೊಡ್ಡದು. ಅಳತೆಗೋಲು ಫೋಟೋದಲ್ಲೇ ಇದೆ. ಕಣ್ಣಿನ ನರ ಹೊರಡುವ ಜಾಗವಾದ ಆಪ್ಟಿಕ್ ಡಿಸ್ಕ್‌ನ ಅಂಚಿನಲ್ಲಿ ದೊಡ್ಡ ವೇನ್ (ಅಭಿಧಮನಿ) ಸುಮಾರು ಅಷ್ಟೇ ಅಗಲ ಇರುತ್ತದೆ. ಈ ಉಪಾಯ ನನಗೆ ತುಂಬಾ ಇಷ್ಟ.

ಈಗ ಅಂಕ. ಎಆರ್‌ಇಡಿಎಸ್ (ವಯಸ್ಸಿನ ಜೊತೆ ಬರುವ ಕಣ್ಣಿನ ರೋಗಗಳ ಬಗ್ಗೆ ಅಮೆರಿಕದಲ್ಲಿ ನಡೆದ ಅಧ್ಯಯನ) ಸಂಶೋಧಕರು 2005ರಲ್ಲಿ ಕೊಟ್ಟ ಸರಳ ಪಟ್ಟಿ ಇದು. ಒಂದು ಕಣ್ಣಿನಲ್ಲಿ ದೊಡ್ಡ ಡ್ರೂಸನ್ ಇದ್ದರೆ 1, ಪಿಗ್ಮೆಂಟ್ ಬದಲಾವಣೆ ಇದ್ದರೆ ಇನ್ನೊಂದು 1. ಇನ್ನೊಂದು ಕಣ್ಣಿಗೂ ಹಾಗೇ. ಎರಡನ್ನೂ ಕೂಡಿಸಿ. ಮೊತ್ತ 0, 1, 2, 3, 4 ಆದರೆ ಐದು ವರ್ಷದಲ್ಲಿ ರೋಗ ಕೊನೆಯ ಹಂತ (ಮ್ಯಾಕ್ಯುಲಾದ ನಡುವೆ ಜೀವಕೋಶಗಳು ಸಾಯುವುದು ಅಥವಾ ಹೊಸ ರಕ್ತನಾಳ ಬೆಳೆದು ಸೋರುವುದು) ಮುಟ್ಟುವ ಅಪಾಯ ಕ್ರಮವಾಗಿ ಸುಮಾರು ಶೇ. 0.5, 3, 12, 25, 50.

ಇಲ್ಲಿ ನಿಧಾನವಾಗಿ ಓದಿ. ಅಂಕ ಕಣ್ಣಿಗಲ್ಲ, ಮನುಷ್ಯನಿಗೆ. ಬಲಗಣ್ಣಿನಲ್ಲಿ ಎರಡೂ ಇವೆ, ಎಡಗಣ್ಣಿನಲ್ಲಿ ದೊಡ್ಡ ಡ್ರೂಸನ್ ಮಾತ್ರ ಇದೆ ಅಂದುಕೊಳ್ಳಿ. 2+1, ಒಟ್ಟು 3. ಶೇ. 25 ಅಂದರೆ ಎರಡರಲ್ಲಿ ಒಂದಾದರೂ ಕಣ್ಣು ಆ ಹಂತ ಮುಟ್ಟುವ ಅಪಾಯ. ಈಗ ಬಲಗಣ್ಣು ಆಗಲೇ ಕೊನೆಯ ಹಂತದಲ್ಲಿದೆ ಅಂತಿಟ್ಟುಕೊಳ್ಳಿ. ಅದಕ್ಕೆ ಏನೂ ಎಣಿಸದೆ ನೇರವಾಗಿ 2 ಕೊಡಿ. ಎಡಗಣ್ಣಿಗೆ 1. ಮೊತ್ತ ಮತ್ತೆ 3, ಶೇಕಡಾವಾರೂ ಅದೇ. ಆದರೆ ಈಗ ಅಪಾಯ ಪೂರ್ತಿ ಎಡಗಣ್ಣಿನದು, ಯಾಕೆಂದರೆ ಮುಂದೆ ಕೆಡಲು ಉಳಿದಿರುವುದು ಅದೊಂದೇ ಅಲ್ವಾ? ಎರಡೂ ಕಣ್ಣಿನಲ್ಲಿ ಮಧ್ಯಮ ಗಾತ್ರದ ಡ್ರೂಸನ್ ಇದ್ದು ದೊಡ್ಡದು ಎಲ್ಲೂ ಇಲ್ಲದಿದ್ದರೆ, ಎರಡಕ್ಕೂ ಸೇರಿ 1.

ಓಸಿಟಿ ಸ್ಕ್ಯಾನ್ (ಬೆಳಕಿನಿಂದ ರೆಟಿನಾದ ಪದರಗಳ ಅಡ್ಡಸೀಳು ಚಿತ್ರ ತೆಗೆಯುವುದು) ಇದಕ್ಕಿಂತ ಆಳಕ್ಕೆ ಹೋಗುತ್ತದೆ. ಡ್ರೂಸನ್‌ನ ಗಾತ್ರ, ರೆಟಿನಾದೊಳಗೆ ಚದುರಿದ ಹೊಳೆಯುವ ಚುಕ್ಕೆಗಳು, ಪಿಗ್ಮೆಂಟ್ ಪದರದ ಮೇಲೆ ಕೂರುವ ಸೂಡೋಡ್ರೂಸನ್ (ಡ್ರೂಸನ್‌ನಂತೆ ಕಾಣುವ ಬೇರೆ ಶೇಖರಣೆ), ಇವೆಲ್ಲ ಎಚ್ಚರಿಕೆಯ ಗುರುತುಗಳು. ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: ಡ್ರೂಸನ್ ಕುಗ್ಗಿತು ಅಂದರೆ ವಾಸಿಯಾಯಿತು ಅಂತಲ್ಲ. ಎಷ್ಟೋ ಸಲ ಅದು ಕುಸಿದ ಜಾಗದಲ್ಲೇ ಅಟ್ರೋಫಿ (ಜೀವಕೋಶಗಳು ಸತ್ತು ರೆಟಿನಾ ತೆಳುವಾಗುವುದು) ಶುರುವಾಗುತ್ತದೆ. ಹಳೆಯ ಸ್ಕ್ಯಾನ್ ಪಕ್ಕದಲ್ಲಿಟ್ಟು ನೋಡದೆ ಸುಮ್ನೆ ಸಂತೋಷಪಡಬಾರದು.

ರೋಗ ಬಲಿಯುವುದೂ ದೃಷ್ಟಿ ಹೋಗುವುದೂ ಒಂದೇ ಅಲ್ಲ. ಅಟ್ರೋಫಿ ದೊಡ್ಡದಾಗಿದ್ದರೂ ಫೋವಿಯಾ (ಮ್ಯಾಕ್ಯುಲಾದ ನಟ್ಟನಡುವಿನ, ಅತಿ ಸ್ಪಷ್ಟವಾಗಿ ಕಾಣುವ ಬಿಂದು) ಉಳಿದಿದ್ದರೆ ಚಾರ್ಟ್‌ನ ಸಣ್ಣ ಅಕ್ಷರವನ್ನೂ ಓದಬಹುದು. ಆದರೆ ಅದೇ ವ್ಯಕ್ತಿಗೆ ಒಂದು ಸಾಲು ಪೂರ್ತಿ ಓದಲು, ಮಬ್ಬು ಬೆಳಕಿನಲ್ಲಿ ಮುಖ ಗುರುತಿಸಲು ಕಷ್ಟವಾಗಬಹುದು. ಅದಕ್ಕೇ ಅಟ್ರೋಫಿ ಎಷ್ಟು ಅಗಲ ಅಂತ ಬರೆದುಕೊಂಡಾಗ ಫೋವಿಯಾದಿಂದ ಎಷ್ಟು ದೂರ ಅಂತಲೂ ಬರೆದುಕೊಳ್ಳಿ.