ಮನೆಯಲ್ಲೇ ಓದಿಸುವವರಿಗೆ ಯಾವ ಪದ್ಧತಿ ಹೊಂದುತ್ತದೆ?

ಪ್ರಶ್ನೆ: ನಾವು ಕೊಡಗಿನ ಸೋಮವಾರಪೇಟೆ ಕಡೆಯವರು. ಆರು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳನ್ನು ಮನೆಯಲ್ಲೇ ಓದಿಸಬೇಕೆಂದಿದ್ದೇವೆ. ಹಳೆಯ ಒಳ್ಳೆಯ ಕೃತಿಗಳ ಮೂಲಕವೇ ಕಲಿಯಲಿ ಎಂಬ ಆಸೆ. ಕೆಲವರು ಟ್ರಿವಿಯಂ ಅಂತಾರೆ, ಕೆಲವರು ಷಾರ್ಲೆಟ್ ಮೇಸನ್ ಅಂತಾರೆ. ಯಾವುದನ್ನು ಹಿಡಿಯೋದು?

ಉತ್ತರ: ಪುಸ್ತಕದ ಪಟ್ಟಿ ನೋಡಿ ಪದ್ಧತಿ ಆರಿಸಬೇಡಿ. ಓದು ಮುಗಿದ ಮೇಲೆ ಮಗುವಿನಿಂದ ಏನು ಮಾಡಿಸುತ್ತಾರೆ ಅನ್ನೋದನ್ನು ನೋಡಿ.

ಟ್ರಿವಿಯಂ ಎಂದರೆ ಮಧ್ಯಯುಗದ ಯುರೋಪಿನ ಮೂರು ವಿದ್ಯೆಗಳು: ವ್ಯಾಕರಣ, ತರ್ಕ, ವಾಕ್ಚಾತುರ್ಯ. 1947ರಲ್ಲಿ ಇಂಗ್ಲಿಷ್ ಲೇಖಕಿ ಡೊರೊತಿ ಸೇಯರ್ಸ್ ಆಕ್ಸ್‌ಫರ್ಡಿನಲ್ಲಿ ಮಾಡಿದ ಭಾಷಣದಲ್ಲಿ ಈ ಮೂರನ್ನೂ ಮಕ್ಕಳ ವಯಸ್ಸಿಗೆ ಹೊಂದಿಸಿ ತೋರಿಸಿದರು. ಮೊದಲು ಕಂಠಪಾಠ, ಆಮೇಲೆ ವಾದ, ಕೊನೆಗೆ ಸೊಗಸಾಗಿ ಹೇಳುವುದು. ನಮ್ಮ ಹಳೆಯ ಊರಶಾಲೆಗಳಾದ ಕೂಲಿಮಠಗಳಲ್ಲೂ ಮಗ್ಗಿ, ಸಂಸ್ಕೃತ ನಿಘಂಟು ಅಮರಕೋಶ ಮೊದಲು ಬಾಯಿಗೆ ಬರುತ್ತಿದ್ದವು, ಅರ್ಥ ನಿಧಾನಕ್ಕೆ ಬಿಚ್ಚಿಕೊಳ್ಳುತ್ತಿತ್ತು.

ಮೇಸನ್ (1842–1923) ಇಂಗ್ಲೆಂಡಿನ ಶಿಕ್ಷಕಿ. ಆರು ತುಂಬುವವರೆಗೆ ಪಾಠದ ಗೊಡವೆ ಬೇಡ, ಮಕ್ಕಳು ಬಯಲಲ್ಲಿರಲಿ ಅಂದವರು. ಆಮೇಲೂ ಪಾಠ ಹದಿನೈದು ಇಪ್ಪತ್ತು ನಿಮಿಷ ಮಾತ್ರ. ಒಳ್ಳೆಯ ಪುಸ್ತಕದ ಒಂದು ಭಾಗವನ್ನು ಒಂದೇ ಸಲ ಓದಬೇಕು, ಮಗು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು.

ನಿಮ್ಮ ಮನೆಗೆ ನಾನು ಮೇಸನ್ ದಾರಿಯನ್ನೇ ಹೇಳುತ್ತೇನೆ. ದೊಡ್ಡ ಮಗುವಿಗೆ ಜೊತೆಗೆ ಸ್ವಲ್ಪ ಕಂಠಪಾಠವಿರಲಿ. ಯಾಕೆ ಅಂತ ಕೇಳಿದರೆ, ನಮ್ಮನೆಯ ಒಂದು ಸಂಜೆಯ ಮಾತು ಹೇಳಬೇಕು.

ಜುಲೈ ತಿಂಗಳು, ಮೂರು ದಿನದಿಂದ ಬಿಡದ ಮಳೆ, ಕರೆಂಟಿಲ್ಲ. ಒಲೆ ಮುಂದೆ ಕೂತು ಕುಮಾರವ್ಯಾಸನ ಕರ್ಣಪರ್ವದ ಕೆಲವು ಪದ್ಯ ಓದಿ, ಕತೆ ಹೇಳಿದ್ದೆ. ಎಂಟು ವರ್ಷದ ಮಗ ತಿರುಗಿ ಹೇಳತೊಡಗಿದ: “ಗಾಲಿ ಹೂತುಹೋಯ್ತು, ನಮ್ಮ ತೋಟದ ಇಳಿಜಾರಲ್ಲಿ ಜೀಪು ಹೂತಿತ್ತಲ್ಲ, ಹಾಗೆ. ಅವತ್ತು ಅಪ್ಪ ಕೂಗಿದ್ದಕ್ಕೆ ಲೈನ್‌ಮನೆಯ ಕೆಲಸದವರೆಲ್ಲ ಓಡಿ ಬಂದ್ರು. ಕರ್ಣಂಗೆ ಯಾರೂ ಬರ್ಲಿಲ್ವಾ ಅಮ್ಮ?” ನಾನು ಬರೆದಿಟ್ಟುಕೊಂಡಿದ್ದ ಪ್ರಶ್ನೆಗಳಲ್ಲಿ ಇದು ಇರಲೇ ಇಲ್ಲ. ಕರ್ಣನ ಒಂಟಿತನ ಹುಡುಗನಿಗೆ ತಾನಾಗಿ ಹೊಳೆದಿತ್ತು, ನಮ್ಮ ಅಂಗಳದ ಕೆಸರಿನ ಮೂಲಕ.

ಹಾಗಾಗಿ ಪದ್ಧತಿ ಎಲ್ಲಿಯದಾದರೂ ಆಗಲಿ, ಕೃತಿಗಳು ನಮ್ಮವೇ ಇರಲಿ. ಗ್ರೀಕ್ ಕವಿ ಹೋಮರನಿಗೆ ಹನ್ನೆರಡರ ಮೇಲೆ ಸಮಯವಿದೆ. ಕುಮಾರವ್ಯಾಸ ಬರೆದ ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ನಡೆಗೆ ಒಂಬತ್ತು ವರ್ಷದ ಮಗು ಚಪ್ಪಾಳೆ ಹಾಕುತ್ತಲೇ ಪದ್ಯ ಕಲಿತುಬಿಡುತ್ತದೆ. ಹಳಗನ್ನಡದ ಪಂಪನಿಗೆ ಅವಸರವಿಲ್ಲ. ಗಮಕಿಗಳು ವಾಚಿಸಿದ ಧ್ವನಿಮುದ್ರಣ ಸಿಕ್ಕರೆ ಕೇಳಿಸಿ. ಆ ಕಾವ್ಯಗಳನ್ನು ಹಾಡಿ, ವ್ಯಾಖ್ಯಾನ ಮಾಡಿ ಕೇಳಿಸುವುದೇ ಇಲ್ಲಿನ ರೂಢಿ.

ಇನ್ನೊಂದು, ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುತ್ತಿದ್ದರೆ ಮಗು ಕತೆಯನ್ನು ಅದರಲ್ಲೇ ಹೇಳಲಿ, ದಯವಿಟ್ಟು ತಡೆಯಬೇಡಿ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ಪದ್ಧತಿಗಳನ್ನೆಲ್ಲ ಕೂಡಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಕನ್ನಡ ಲಿಪಿಯಲ್ಲೇ ಇದೆ. ಕೊಡಗಿನ ಮಗುವಿಗೆ ಅದೂ ಕ್ಲಾಸಿಕ್ಕೇ. ಪುತ್ತರಿ ಸುಗ್ಗಿ ಹಬ್ಬದಲ್ಲಿ ದುಡಿ ಬಡಿದು ಹಾಡುವವರನ್ನು ಕೇಳಿ ಬಂದು, ಅದೇ ಹಾಡನ್ನು ಪುಟದಲ್ಲಿ ಹುಡುಕುವ ಮಗುವಿನ ಮುಖ ನೋಡಬೇಕು ನೀವು!

ಕಾನೂನಿನ ಮಾತು: 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಮನೆಶಿಕ್ಷಣದ ಬಗ್ಗೆ ಅದರಲ್ಲಿ ಪ್ರತ್ಯೇಕ ಮಾತಿಲ್ಲ. ಆದ್ದರಿಂದ ನಿರ್ಧಾರಕ್ಕೆ ಮುಂಚೆ ತಿಳಿದವರನ್ನು ಕೇಳಿ. ಹದಿನಾಲ್ಕು ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ (ಎನ್‌ಐಒಎಸ್) ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು. ಕಲಿತದ್ದರ ದಾಖಲೆ ಇಡಲು ಇವತ್ತಿನಿಂದಲೇ ಒಂದು ನೋಟ್‌ಬುಕ್ ತೆಗೆಯಿರಿ.

ಶುರುವಿನಲ್ಲಿ ಮಗು ಎರಡು ವಾಕ್ಯ ಹೇಳಿ ನಿಲ್ಲಿಸಬಹುದು. ನಾನು ಆಗ ನಡುವೆ ಬಾಯಿ ಹಾಕಿ ತಿದ್ದಿದ್ದೆ. ಮಗ ಒಂದು ವಾರ ಮಾತೇ ಆಡಲಿಲ್ಲ. ನೀವು ಹಾಗೆ ಮಾಡಬೇಡಿ, ಎರಡು ವಾಕ್ಯ ಸಿಕ್ಕರೆ ಅವತ್ತಿಗೆ ಪುಸ್ತಕ ಮುಚ್ಚಿ, ಮಳೆ ಬಿಟ್ಟಿದ್ದರೆ ಮಕ್ಕಳನ್ನು ತೋಟಕ್ಕೆ ಕಳಿಸಿ.