ಯಜಮಾನರಿಗಿಂತ ನನ್ನ ವೈರಲ್ ಲೋಡ್ ಕಡಿಮೆ, ಮಾತ್ರೆ ಆಮೇಲೆ ಶುರು ಮಾಡಲಾ?

ಪ್ರಶ್ನೆ: ನನಗೂ ನನ್ನ ಯಜಮಾನರಿಗೂ ಒಟ್ಟಿಗೇ ಎಚ್‌ಐವಿ ಪಾಸಿಟಿವ್ ಬಂತು. ಅವರ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ನನ್ನದರ ಮೂರು ಪಟ್ಟು ಇದೆ. ಹೆಂಗಸರಿಗೆ ಇಮ್ಯುನಿಟಿ ಜಾಸ್ತಿ ಅಂತಾರಲ್ಲ. ಅವರು ಮೊದಲು ಮಾತ್ರೆ ಶುರು ಮಾಡಲಿ, ನಾನು ಆಮೇಲೆ ನೋಡಿದರೆ ಆಗಲ್ವಾ?

ಉತ್ತರ: ಆಗಲ್ಲ. ಇಬ್ಬರೂ ಒಟ್ಟಿಗೇ ಶುರು ಮಾಡಿ. ನಮ್ಮ ದೇಶದಲ್ಲಿ 2017ರಿಂದ ನಿಯಮ ಒಂದೇ. ಪಾಸಿಟಿವ್ ಬಂದ ಎಲ್ಲರಿಗೂ ಚಿಕಿತ್ಸೆ, ಸಿಡಿ4 (ಎಚ್‌ಐವಿ ದಾಳಿ ಮಾಡುವ ರೋಗನಿರೋಧಕ ಕೋಶಗಳ ಎಣಿಕೆ) ಎಷ್ಟೇ ಇರಲಿ. ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಸೆಂಟರಿನಲ್ಲಿ ಮಾತ್ರೆ ಉಚಿತ. ಟಿಬಿ ಇದೆಯಾ ಎಂದು ನೋಡಿಕೊಂಡು ಡಾಕ್ಟರು ಶುರು ಮಾಡಿಸುತ್ತಾರೆ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರು ಬೇರೆ, ರಿಪೋರ್ಟಿನ ಅಂಕಿ ಬೇರೆ, ನಂಬಿಕೆ ಮಾತ್ರ ಅದೇ: "ಹೆಂಗಸರ ಮೈ ಗಟ್ಟಿ, ತಡೆದುಕೊಳ್ಳುತ್ತೆ." ಈ ಸಲ ಇದನ್ನು ಬುಡದಿಂದಲೇ ಬಿಡಿಸಿ ಹೇಳುತ್ತೇನೆ. ದಯವಿಟ್ಟು ಕೊನೆವರೆಗೂ ಓದಿ.

ಈ ನಂಬಿಕೆಯಲ್ಲಿ ಅರ್ಧ ನಿಜ ಇದೆ. ಅದಕ್ಕೇ ಇದು ಇಷ್ಟು ವರ್ಷ ಬದುಕಿದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ, ಸೂಜಿಯಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುತ್ತಿದ್ದವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಸೋಂಕು ತಗಲಿದ ಹೊಸದರಲ್ಲಿ ಗಂಡಸರ ವೈರಲ್ ಲೋಡಿನ ನಡು ಅಂಕಿ 50,766. ಹೆಂಗಸರದ್ದು 15,103. ನೀವು ಹೇಳಿದ ಮೂರು ಪಟ್ಟು ಇಲ್ಲೂ ಇದೆ ನೋಡಿ.

ಇಷ್ಟು ಓದಿ ಜನ ನಿಲ್ಲಿಸಿಬಿಡುತ್ತಾರೆ. ಮುಂದೆ ಇರುವುದೇ ಮುಖ್ಯ. ಏಡ್ಸ್ ಹಂತಕ್ಕೆ ಹೋಗುವ ಅಪಾಯದಲ್ಲಿ ಇಬ್ಬರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಹೆಂಗಸರಿಗೆ ಅಷ್ಟೇ ಹಾನಿ ಮಾಡಲು ವೈರಸ್‌ಗೆ ಕಡಿಮೆ ಸಂಖ್ಯೆ ಸಾಕಾಯಿತು. ಆಗ ಅಮೆರಿಕದಲ್ಲಿ ಚಿಕಿತ್ಸೆ ಶುರು ಮಾಡಲು ನೋಡುತ್ತಿದ್ದ ಅಳತೆಗಳಲ್ಲಿ ಒಂದು, ವೈರಲ್ ಲೋಡ್ 20,000 ದಾಟುವುದು. ಈಗ 15,103 ಅನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿ. ಅರ್ಧಕ್ಕಿಂತ ಜಾಸ್ತಿ ಹೆಂಗಸರು ಆ ಗೆರೆಯ ಕೆಳಗೇ ಉಳಿದರು. ನೀವು ಈಗ ಮಾಡಹೊರಟಿರುವುದೂ ಅದೇ ತಪ್ಪು. ನನಗೆ ಸಂಕಟ ಆಗುವುದು ಅದಕ್ಕೇ.

ಹೀಗೇಕೆ? ನಮ್ಮ ರಕ್ತದಲ್ಲಿ ಕೆಲವು ಕಾವಲು ಕೋಶಗಳಿವೆ. ವೈರಸ್ಸಿನ ಆರ್‌ಎನ್‌ಎ (ಅದರ ಆನುವಂಶಿಕ ವಸ್ತು) ಕಂಡ ತಕ್ಷಣ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಾಸಾಯನಿಕ ಬಿಡುವುದು ಅವುಗಳ ಕೆಲಸ. ಅವು ವೈರಸ್ಸನ್ನು ಗುರುತಿಸುವುದು ಟಿಎಲ್‌ಆರ್7 ಎಂಬ ಪ್ರೋಟೀನಿನಿಂದ. ಅದರ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್. ಸಾಮಾನ್ಯವಾಗಿ ಒಂದು ಸುಮ್ಮನಿರುತ್ತದೆ, ಆದರೆ ಈ ಜೀನ್ ಕೆಲವು ಕೋಶಗಳಲ್ಲಿ ಎರಡರಿಂದಲೂ ಕೆಲಸ ಮಾಡುತ್ತದೆ. ಜೊತೆಗೆ ಈಸ್ಟ್ರೋಜೆನ್ ಹಾರ್ಮೋನಿನ ಒತ್ತಾಸೆಯೂ ಇದೆ. ಹೆಂಗಸರ ಕಾವಲು ಕೋಶಗಳು ಎಚ್‌ಐವಿಗೆ ಹೆಚ್ಚು ಇಂಟರ್‌ಫೆರಾನ್ ಬಿಡುತ್ತವೆ ಎಂದು 2009ರಲ್ಲಿ ತೋರಿಸಿದರು. ವೈರಲ್ ಲೋಡ್ ಒಂದೇ ಇದ್ದಾಗಲೂ ಸೋಂಕಿನ ವಿರುದ್ಧ ಹೋರಾಡುವ ಅವರ ಟಿ ಕೋಶಗಳು ಗಂಡಸರದ್ದಕ್ಕಿಂತ ಜಾಸ್ತಿ ಕೆರಳಿದ್ದವು.

ಮನೆ ಕಾಯುವ ನಾಯಿ ಕಳ್ಳ ಬಂದಾಗ ಜೋರಾಗಿ ಬೊಗಳಿದರೆ ಒಳ್ಳೆಯದೇ. ಮೊದಮೊದಲು ವೈರಸ್ ಹದ್ದುಬಸ್ತಿನಲ್ಲಿ ಇರುವುದು ಹಾಗೆ. ಆದರೆ ಎಚ್‌ಐವಿ ಓಡಿಹೋಗುವ ಕಳ್ಳ ಅಲ್ಲ. ನಾಯಿ ವರ್ಷಗಟ್ಟಲೆ ಹಗಲೂ ರಾತ್ರಿ ಬೊಗಳಿದರೆ ಮನೆಯವರ ಗತಿ ಏನು? ಕೆರಳಿದ ಸಿಡಿ4 ಕೋಶಗಳಲ್ಲೇ ವೈರಸ್ ಚೆನ್ನಾಗಿ ಬೆಳೆಯುವುದು. ಕೆರಳಿ ಕೆರಳಿ ಕೋಶಗಳು ಸವೆಯುತ್ತವೆ. ಆ ಉರಿ ಹೃದಯಕ್ಕೂ ರಕ್ತನಾಳಕ್ಕೂ ಒಳ್ಳೆಯದಲ್ಲ. ಇಮ್ಯುನಿಟಿ "ಜಾಸ್ತಿ" ಇರುವುದಕ್ಕೂ, ರಕ್ಷಣೆ ಜಾಸ್ತಿ ಸಿಗುವುದಕ್ಕೂ ಇರುವ ದೂರ ಇದು. ಮಾತ್ರೆ ತಪ್ಪದೆ ತೆಗೆದುಕೊಂಡರೆ ಆ ಉರಿ ಬಹಳ ಮಟ್ಟಿಗೆ ಇಳಿಯುತ್ತದೆ.

ಇನ್ನೊಂದು ಮಾತು. "ಅವರು ಮೊದಲು" ಅಂದಿರಲ್ಲ, ಅದು ಕ್ರೋಮೋಸೋಮಿನಿಂದ ಬಂದದ್ದಲ್ಲ. ಊಟದಲ್ಲೂ ಆಸ್ಪತ್ರೆಯಲ್ಲೂ ತಮ್ಮ ಸರದಿಯನ್ನು ಕೊನೆಗಿಡುವುದು ನಮ್ಮ ಹೆಣ್ಣುಮಕ್ಕಳಿಗೆ ಅಭ್ಯಾಸ ಆಗಿಬಿಟ್ಟಿದೆ. ಗಂಡಸರ ಕಥೆ ಬೇರೆ. ಅವರು ಪರೀಕ್ಷೆಗೆ ಬರುವುದೇ ತಡ, ಆ ಹೊತ್ತಿಗೆ ಸಿಡಿ4 ಇಳಿದಿರುತ್ತದೆ. ನಿಮ್ಮ ಯಜಮಾನರು ನಿಮ್ಮ ಜೊತೆಯಲ್ಲೇ ಪರೀಕ್ಷೆ ಮಾಡಿಸಿಕೊಂಡದ್ದು ದೊಡ್ಡ ವಿಷಯ.

ಈಸ್ಟ್ರೋಜೆನ್ ವಿಷಯ ಬಂದದ್ದಕ್ಕೆ, ಯಾರೂ ಕೇಳದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಮಾತ್ರೆ ನುಂಗುತ್ತಿದ್ದರೂ ವೈರಸ್ ಪೂರ್ತಿ ಹೋಗುವುದಿಲ್ಲ, ಕೆಲವು ಕೋಶಗಳಲ್ಲಿ ಮಲಗಿರುತ್ತದೆ. ಅದನ್ನು ಎಬ್ಬಿಸಿ ಕೊಲ್ಲುವುದು ಪೂರ್ತಿ ಗುಣಪಡಿಸಲು ಹುಡುಕುತ್ತಿರುವ ದಾರಿಗಳಲ್ಲಿ ಒಂದು. ಆದರೆ ಈಸ್ಟ್ರೋಜೆನ್ ಅದು ಏಳದಂತೆ ತಡೆಯುತ್ತದೆ ಎಂದು 2018ರಲ್ಲಿ ಲ್ಯಾಬಿನಲ್ಲಿ ಕಂಡಿತು. ಹಾಗಾದರೆ ಗಂಡಸರಲ್ಲಿ ಎಬ್ಬಿಸುವ ಔಷಧಿ ಹೆಂಗಸರಲ್ಲಿ ಅಷ್ಟೇ ಎಬ್ಬಿಸುತ್ತದಾ? ಗುಣಪಡಿಸುವ ಪ್ರಯೋಗಗಳಿಗೆ ಸೇರಿದವರಲ್ಲಿ ಹೆಂಗಸರ ಪಾಲು ಸುಮಾರು 11 ಶೇಕಡಾ ಎಂದು 2016ರ ಪರಿಶೀಲನೆಯೊಂದು ಲೆಕ್ಕ ಹಾಕಿತ್ತು. ಜಗತ್ತಿನಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು! ಆಮೇಲೆ ಅಮೆರಿಕದಲ್ಲಿ, ಮುಟ್ಟು ನಿಂತ ಹೆಂಗಸರಿಗೆ ಈಸ್ಟ್ರೋಜೆನ್ ಕೆಲಸವನ್ನು ತಡೆಯುವ ಟ್ಯಾಮಾಕ್ಸಿಫೆನ್ ಮತ್ತು ವೈರಸ್ ಎಬ್ಬಿಸುವ ಔಷಧಿಯನ್ನು ಸೇರಿಸಿ ಕೊಟ್ಟು ನೋಡಿದರು. ಟ್ಯಾಮಾಕ್ಸಿಫೆನ್‌ನಿಂದ ವೈರಸ್ ಹೆಚ್ಚೇನೂ ಏಳಲಿಲ್ಲ. ಆದರೂ ಆ ಪ್ರಯೋಗದ ಬಗ್ಗೆ ನನಗೆ ತುಂಬಾ ಗೌರವ. ಅದರಲ್ಲಿ ಪಾಲ್ಗೊಂಡವರೆಲ್ಲ ಹೆಂಗಸರೇ.