ಸಂಜೆ ಕಾಲೇಜಿನಿಂದ ಡೆಬ್ ಐಡಿವರೆಗೆ: ಕ್ಲಾಸಿನಾಚೆಯ ಪದವಿ ಗೋಜಲಾದದ್ದು ಹೇಗೆ

ಕೆಲಸ ಬಿಡದೆ ಡಿಗ್ರಿ ಮುಗಿಸಬೇಕೆಂದು ಹೊರಟವರು ಮೈಸೂರು, ಮಂಡ್ಯ ಕಡೆ ಮೊದಲು ಕೇಳುವುದು ಒಂದೇ: 'ಇದಕ್ಕೆ ಮಾನ್ಯತೆ ಇದೆಯಾ?' ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ.

1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯದ ಪಾಠ ಬಹುಕಾಲ ಹಗಲಿನದೇ. ದುಡಿಯುವವರಿಗೆಂದು ಸಂಜೆ ಕಾಲೇಜು ಬಂತು. ಆದರೆ ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ.; ಸಂಜೆ ಪಾಠ ಮುಗಿಸಿ ದಿನವೂ ಊರು ಸೇರುವುದು ಎಲ್ಲರಿಗೂ ಆಗುವ ಮಾತಲ್ಲ. 1962ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅಂಚೆ ಮೂಲಕ ಪಾಠ ಆರಂಭಿಸಿತ್ತು. ಅದೇ ದಶಕದ ಕೊನೆಗೆ ಮೈಸೂರಿನಲ್ಲೂ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ ತೆರೆಯಿತು. ಪಾಠದ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು, ನಡುವೆ ಸಂಪರ್ಕ ತರಗತಿ, ಕೊನೆಗೆ ಪರೀಕ್ಷೆ. 1992ರ ಕಾಯ್ದೆಯಡಿ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಈ ಸಂಸ್ಥೆಯೇ ಅದರ ಬುನಾದಿಯಾಯಿತು.

ಗಂಟು ಬಿದ್ದದ್ದು ಆಮೇಲೆ. ದೂರಶಿಕ್ಷಣಕ್ಕೆ ಅನುಮತಿ ಕೊಡುತ್ತಿದ್ದ ದೂರಶಿಕ್ಷಣ ಮಂಡಳಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಒಳಗಿತ್ತು. 2013ರಲ್ಲಿ ಆ ಮಂಡಳಿಯನ್ನು ವಿಸರ್ಜಿಸಿ ವಿಶ್ವವಿದ್ಯಾಲಯ ಅನುದಾನ ಆಯೋಗಕ್ಕೆ (ಯುಜಿಸಿ) ಆ ಹೊಣೆ ವಹಿಸಲಾಯಿತು. ಮುಕ್ತ ವಿವಿಯ ಮಾನ್ಯತೆ ಇದ್ದದ್ದು 2012-13ರವರೆಗೆ. ಮುಂದಿನ ಸಾಲಿಗೆ ಅದು ಸಿಗುವ ಮುನ್ನವೇ ಪ್ರವೇಶಾತಿ ನಡೆದುಹೋಯಿತು. ಆಕ್ಷೇಪಗಳು ಮುಖ್ಯವಾಗಿ ಮೂರು: ರಾಜ್ಯದ ಗಡಿಯಾಚೆಗಿನ ಅಧ್ಯಯನ ಕೇಂದ್ರಗಳು, ಖಾಸಗಿ ಸಂಸ್ಥೆಗಳ ಸಹಯೋಗ, ಅನುಮತಿಯಿಲ್ಲದ ತಾಂತ್ರಿಕ ಕೋರ್ಸ್‌ಗಳು. 2015ರ ಜೂನ್‌ನಲ್ಲಿ ಯುಜಿಸಿ, 2013-14ರಿಂದಾಚೆಗೆ ಮಾನ್ಯತೆ ಇಲ್ಲವೆಂದು ಪ್ರಕಟಿಸಿತು. ಅಷ್ಟರಲ್ಲಿ ವಿದ್ಯಾರ್ಥಿಗಳು ಶುಲ್ಕ ಕಟ್ಟಿ, ಪರೀಕ್ಷೆಯನ್ನೂ ಬರೆದಿದ್ದರು. ಮೈಸೂರಿನಲ್ಲೇ ಕುಳಿತು ಬಿ.ಎ. ಓದಿದವರಿಗೂ ಹೊರರಾಜ್ಯದ ಸಹಯೋಗಗಳಿಗೂ ಸಂಬಂಧವೇ ಇರಲಿಲ್ಲ. ತೂಗುಗತ್ತಿ ಮಾತ್ರ ಇವರ ತಲೆಯ ಮೇಲೂ ಹೊರರಾಜ್ಯದ ಕೇಂದ್ರಗಳಲ್ಲಿ ಓದಿದವರ ತಲೆಯ ಮೇಲೂ ಒಂದೇ. ಕಚೇರಿಗಳ ನಡುವಿನ ಪತ್ರ ವ್ಯವಹಾರಕ್ಕೆ ಓದುವವರ ವರ್ಷಗಳನ್ನು ಒತ್ತೆಯಿಟ್ಟದ್ದು ಅನ್ಯಾಯವೇ. ಮಾನ್ಯತೆ ಮರಳಿದ್ದು 2018ರ ಆಗಸ್ಟ್‌ನಲ್ಲಿ, ಅದೂ 2018-19ರಿಂದ, ತಾಂತ್ರಿಕವಲ್ಲದ ಕೋರ್ಸ್‌ಗಳಿಗೆ.

ಹಾಗಾಗಿ ವಿವಿಯ ಹೆಸರೊಂದನ್ನೇ ನೋಡಿದರೆ ಸಾಲದು. ಮಾನ್ಯತೆ ಕೋರ್ಸಿಗೂ ಪ್ರವೇಶದ ಅವಧಿಗೂ ಅಂಟಿಕೊಂಡಿರುತ್ತದೆ. ಯುಜಿಸಿಯ ದೂರಶಿಕ್ಷಣ ವಿಭಾಗದ (ಡೆಬ್) ಪಟ್ಟಿಯಲ್ಲಿ ತಾವು ಸೇರುವ ಕೋರ್ಸ್, ಸೇರುವ ವರ್ಷ, ಜುಲೈ ಸಾಲೋ ಜನವರಿ ಸಾಲೋ ಎಂಬ ಮೂರನ್ನೂ ನೋಡಿ, ಆ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಬೇಕು. ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು ಪದವಿಗಳು ದೂರಶಿಕ್ಷಣದಲ್ಲಿ ಇಲ್ಲವೇ ಇಲ್ಲ. ಕೊಡಿಸುತ್ತೇವೆ ಎನ್ನುವವರನ್ನು ನಂಬಬಾರದು.

ಆಮೇಲೆ ಓದಿ ಗಳಿಸಿದ ಕ್ರೆಡಿಟ್ ಜಮೆಯಾಗುವ ಖಾತೆಯ ಸಂಖ್ಯೆಯಾದ ಎಬಿಸಿ ಐಡಿ, ಅದರ ಮೇಲೆ ದೂರಶಿಕ್ಷಣಕ್ಕೆ ಸೇರಲು ಬೇಕಾದ ಗುರುತಿನ ಸಂಖ್ಯೆಯಾದ ಡೆಬ್ ಐಡಿ, ಕೊನೆಗೆ ಅರ್ಜಿ. ಸಾಮಾನ್ಯವಾಗಿ ತೊಡಕಾಗುವುದು ಹೆಸರಿನಲ್ಲಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ. ಕೊನೆಯ ದಿನಾಂಕ ಹತ್ತಿರ ಬಂದಾಗ ತಿದ್ದಿಸಲು ಹೊರಟರೆ ಆ ಸಾಲು ಕೈತಪ್ಪುತ್ತದೆ. ಆಧಾರ್ ತಿದ್ದುಪಡಿಯನ್ನು ಮೊದಲೇ ಮುಗಿಸಿಕೊಳ್ಳುವುದು ಒಳಿತು.

ಓದಿನ ಲೆಕ್ಕವನ್ನೂ ಹಾಕಬೇಕು, ಇದನ್ನು ಬಹಳ ಮಂದಿ ಹಾಕುವುದೇ ಇಲ್ಲ. ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. 4 ಕ್ರೆಡಿಟ್‌ನ ಪತ್ರಿಕೆಗೆ 120 ಗಂಟೆ. ಅದರಲ್ಲಿ ಸಂಪರ್ಕ ತರಗತಿಯ ಪಾಲು ಸುಮಾರು 12 ಗಂಟೆ, ಉಳಿದದ್ದು ಮನೆಯಲ್ಲೇ. 120 ಕ್ರೆಡಿಟ್‌ನ ಪದವಿಯನ್ನು ಮೂರು ವರ್ಷದಲ್ಲಿ ಮುಗಿಸಲು ವಾರಕ್ಕೆ 23 ಗಂಟೆ ಬೇಕು. ಪಾಳಿಯಲ್ಲಿ ದುಡಿಯುವವರಿಗೆ ಇದು ಕಷ್ಟ. ಅಂಥವರು ನಿಯಮದಲ್ಲಿರುವ ಹೆಚ್ಚುವರಿ ಅವಧಿಯನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಲಿ. ಸೇರುವಾಗಲೇ ಗರಿಷ್ಠ ಎಷ್ಟು ವರ್ಷವೆಂದು ಕೇಳಿ ತಿಳಿದಿರಬೇಕು. ಅಂಕಗಳಲ್ಲಿ ಅಂತಿಮ ಪರೀಕ್ಷೆಗೆ 70, ಆಂತರಿಕ ಮೌಲ್ಯಮಾಪನಕ್ಕೆ 30. ಅಸೈನ್‌ಮೆಂಟ್ ಬಿಟ್ಟವರ ಫಲಿತಾಂಶ, ಪರೀಕ್ಷೆ ಚೆನ್ನಾಗಿ ಬರೆದಿದ್ದರೂ, ಕುಸಿಯುತ್ತದೆ.

ರೆಗ್ಯುಲರ್ ಕಾಲೇಜಿನವರಿಗೂ ವೇಳಾಪಟ್ಟಿಯಾಚೆ ಓದಲು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ವೇದಿಕೆ 'ಸ್ವಯಂ' ಇದೆ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಅಲ್ಲಿಂದ ಪಡೆಯಬಹುದು. ನೋಂದಣಿಗೆ ಮುನ್ನವೇ ವಿಭಾಗದಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಇಲ್ಲದಿದ್ದರೆ ಪ್ರಮಾಣಪತ್ರ ಕೈಗೆ ಬಂದರೂ ಅಂಕಪಟ್ಟಿಗೆ ಕ್ರೆಡಿಟ್ ಏರದು.